ಗಡಿಯಾರವಿಲ್ಲದ ಆಟ

ಕೊಡಗಿನಲ್ಲಿ ಆಟವೆಂದರೆ ಹಾಕಿ. ನಾವು ಶಾಲೆಯಲ್ಲಿದ್ದಾಗ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರ ಹೆಸರುಗಳು ಮಗ್ಗಿಗಿಂತ ಮೊದಲೇ ಬಾಯಿಗೆ ಬಂದಿದ್ದವು. ಯಾರ ಪರ ನಿಲ್ಲಬೇಕೆಂಬ ಗೊಂದಲ ನಮಗೆಂದೂ ಇರಲಿಲ್ಲ: ನಮ್ಮ ಊರು, ನಮ್ಮ ಶಾಲೆ, ನಮ್ಮ ನೆಂಟರು. ಮುಂದೆ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ಹಾಕಿ ಉತ್ಸವ ಆರಂಭಿಸಿದ ಮೇಲಂತೂ ಮನೆತನದ ಹೆಸರೇ ತಂಡದ ಹೆಸರಾಯಿತು. ಇಂಥ ನೆಲದಲ್ಲಿ ಬೆಳೆದ ನನಗೆ ಟೆನಿಸ್ ಹುಚ್ಚು ಹಿಡಿದದ್ದು ನಮ್ಮ ಶಾಲೆಯ ಹಾಸ್ಟೆಲಿನಲ್ಲಿ.

ವಿಂಬಲ್ಡನ್ ನಡೆಯುವುದು ಜೂನ್ ಕೊನೆ, ಜುಲೈ ಮೊದಲು; ಪೊನ್ನಂಪೇಟೆ ಕಡೆ ಮಳೆ ಹಗಲಿರುಳು ಸುರಿಯುವ ಕಾಲ. ಮೈದಾನ ಕೆಸರಾಗಿ ಹಾಕಿ ಸ್ಟಿಕ್ಕುಗಳು ಮೂಲೆ ಸೇರುತ್ತಿದ್ದವು. ಸಂಜೆ ಮಾಡಲು ಬೇರೇನೂ ಇಲ್ಲದೆ ನಾವೆಲ್ಲ ವಾರ್ಡನ್ ಕೋಣೆಯ ಟಿ.ವಿ. ಮುಂದೆ ಕೂರುತ್ತಿದ್ದೆವು. 1993ರ ಜುಲೈ 3, ಶನಿವಾರ, ಮಹಿಳೆಯರ ಫೈನಲ್. ಹುಡುಗರೆಲ್ಲ ಸ್ಟೆಫಿ ಗ್ರಾಫ್ ಪಕ್ಷ. ನನ್ನ ಕಣ್ಣು ಮಾತ್ರ ಸರ್ವ್ ಮಾಡಿದ ಕೂಡಲೇ ನೆಟ್ ಕಡೆಗೆ ಓಡುತ್ತಿದ್ದ ಯಾನಾ ನೊವೊತ್ನಾ ಮೇಲೆ ನೆಟ್ಟಿತ್ತು. ಗುರುತು ಪರಿಚಯವಿಲ್ಲ, ದೂರದ ಜೆಕ್ ದೇಶದ ಹೆಣ್ಣುಮಗಳು. ಆದರೂ ಆಕೆ ಗೆಲ್ಲಬೇಕೆಂದು ಏಕೆ ಅನ್ನಿಸಿತೋ ಇಂದಿಗೂ ಹೇಳಲಾರೆ. ಮೊದಲ ಸೆಟ್ ಸೋತು, ಎರಡನೆಯದನ್ನು 6-1ರಿಂದ ಗೆದ್ದು, ಮೂರನೆಯದರಲ್ಲಿ 4-1ರ ಮುನ್ನಡೆ. ಇನ್ನೊಂದು ಪಾಯಿಂಟ್ ಬಂದರೆ 5-1. ಅಲ್ಲಿ ಆಕೆ ಎರಡು ಸಲವೂ ಸರ್ವ್ ತಪ್ಪಿ ಡಬಲ್ ಫಾಲ್ಟ್ ಮಾಡಿದರು. ಅಷ್ಟರಲ್ಲಿ ಕರೆಂಟ್ ಹೋಯಿತು.

ಮಳೆಗಾಲದಲ್ಲಿ ಹೋದ ಕರೆಂಟ್ ರಾತ್ರಿಯೇ ಬಂದೀತೆಂಬ ಆಸೆ ನಮ್ಮ ಕಡೆ ಯಾರಿಗೂ ಇರುವುದಿಲ್ಲ. ಮರುದಿನ ಗೋಣಿಕೊಪ್ಪದಿಂದ ಬಂದ ಪತ್ರಿಕೆಯ ಅಂಚು ನೆನೆದು ಮೆತ್ತಗಾಗಿತ್ತು. ಪುಟ ಬಿಡಿಸಿದರೆ, ಬ್ರಿಟಿಷ್ ರಾಜಮನೆತನದ ಡಚೆಸ್ ಆಫ್ ಕೆಂಟ್ ಅವರ ಭುಜಕ್ಕೆ ಒರಗಿ ನೊವೊತ್ನಾ ಅಳುತ್ತಿರುವ ಚಿತ್ರ. ಸ್ಟೆಫಿ ಸತತ ಐದು ಗೇಮ್ ಗೆದ್ದು 6-4ರಿಂದ ಪಂದ್ಯ ಮುಗಿಸಿದ್ದರು.

ನಮ್ಮ ದೈಹಿಕ ಶಿಕ್ಷಣದ ಮಾಸ್ತರರು ಸೋಮವಾರ ಇದನ್ನು ಕೇಳಿ ಕಪ್ಪು ಹಲಗೆಯ ಮೇಲೆ 15, 30, 40 ಬರೆದು ಲೆಕ್ಕ ಬಿಡಿಸಿದರು. "ಹಾಕಿಯಲ್ಲಿ ಎರಡು ಗೋಲು ಮುಂದಿದ್ದರೆ ಚೆಂಡು ಹಿಡಿದಿಟ್ಟುಕೊಂಡು ಸಮಯ ಕಳೆಯಬಹುದು ಮಕ್ಕಳೇ. ಇಲ್ಲಿ ಗಡಿಯಾರ ಇಲ್ಲ. ಕೊನೆಯ ಪಾಯಿಂಟನ್ನು ಗೆದ್ದೇ ತೀರಬೇಕು" ಎಂದರು. ಟೆನಿಸ್ ನನ್ನೊಳಗೆ ಇಳಿದದ್ದು ಆ ಮಾತಿನಿಂದ. ಅಂದಿನಿಂದ 5-1 ಎಂದು ಕಂಡರೂ ನಾನು ಟಿ.ವಿ. ಮುಂದಿನಿಂದ ಏಳುವುದಿಲ್ಲ.

ನೊವೊತ್ನಾ 1997ರ ಫೈನಲ್‌ನಲ್ಲಿ ಮಾರ್ಟಿನಾ ಹಿಂಗಿಸ್‌ಗೆ ಸೋತರು, 1998ರಲ್ಲಿ ನತಾಲಿ ತೋಜಿಯಾ ಅವರನ್ನು ಮಣಿಸಿ ಗೆದ್ದರು. ಆಗ ನಾನು ಮೈಸೂರಿನಲ್ಲಿ ಓದುತ್ತಿದ್ದೆ. ಆ ಸಂಜೆ ಕಣ್ಣು ತುಂಬಿ ಬಂದದ್ದನ್ನು ಕೋಣೆಯ ಗೆಳೆಯರ ಮುಂದೆ ಬಚ್ಚಿಡಲಿಲ್ಲ. ಆಕೆಯ ಗೆಲುವಿನಿಂದ ನನ್ನ ಊರಿಗಾಗಲಿ, ನನ್ನ ದೇಶಕ್ಕಾಗಲಿ ಬರುವುದೇನೂ ಇರಲಿಲ್ಲ. ಹಾಗಿದ್ದೂ ಅಷ್ಟು ವರ್ಷ ಒಬ್ಬರ ಆಟಕ್ಕಾಗಿ ಕಾದದ್ದು, ಅವರ ಸೋಲನ್ನು ಹೊತ್ತುಕೊಂಡು ಓಡಾಡಿದ್ದು ನನ್ನ ಬಾಳಿನ ಒಳ್ಳೆಯ ಸಂಗತಿಗಳಲ್ಲಿ ಒಂದೆಂದೇ ಭಾವಿಸುತ್ತೇನೆ. 2017ರಲ್ಲಿ, ಬರೀ 49ರ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ಅವರು ತೀರಿಕೊಂಡಾಗ ಮನೆಯವರನ್ನು ಕಳೆದುಕೊಂಡಷ್ಟೇ ಸಂಕಟವಾಯಿತು.

ಆಮೇಲೆ ಟೆನಿಸ್‌ನಲ್ಲೂ ನಮ್ಮವರೊಬ್ಬರು ಬಂದರು. ಮಚ್ಚಂಡ ರೋಹನ್ ಬೋಪಣ್ಣ 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆಗೂಡಿ ಅಮೆರಿಕ ಓಪನ್ ಫೈನಲ್ ತಲುಪಿ, ಎರಡೂ ಸೆಟ್‌ಗಳನ್ನು 6-6ರ ಸಮಬಲದ ನಂತರದ ಟೈಬ್ರೇಕ್‌ನಲ್ಲಿ ಬ್ರಯಾನ್ ಸಹೋದರರಿಗೆ ಬಿಟ್ಟುಕೊಟ್ಟರು. 2024ರ ಜನವರಿ 27ರಂದು, 43ರ ಪ್ರಾಯದಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿ ಎತ್ತಿದರು. ವೃತ್ತಿಪರ ಆಟಗಾರರಿಗೂ ಬಾಗಿಲು ತೆರೆದ 1968ರ ನಂತರದ ಮುಕ್ತ ಟೆನಿಸ್ ಯುಗದಲ್ಲಿ ಅಷ್ಟು ವಯಸ್ಸಿಗೆ ಗ್ರ್ಯಾಂಡ್ ಸ್ಲಾಮ್ ಗೆದ್ದ ಪುರುಷ ಆಟಗಾರ ಅದುವರೆಗೆ ಯಾರೂ ಇರಲಿಲ್ಲ. ರೊಬಸ್ಟಾ ಕೊಯ್ಲಿನ ದಿನಗಳವು. ಕಣದಲ್ಲಿ ಹರಡಿದ್ದ ಕಾಫಿ ಹಣ್ಣನ್ನು ಸಂಜೆ ರಾಶಿ ಮಾಡುವ ಹೊತ್ತಿನಲ್ಲಿ, ಮೊಬೈಲನ್ನು ಚೀಲಗಳ ಮೇಲೆ ಒರಗಿಸಿಟ್ಟು ನೋಡಿದೆವು. ಟೆನಿಸ್ ಎಂದರೆ ಮುಖ ತಿರುಗಿಸುತ್ತಿದ್ದ ನನ್ನ ದೊಡ್ಡಪ್ಪ ಎರಡನೇ ಸೆಟ್ 5-5 ಆದಾಗ ಎದ್ದು ನಿಂತರು. "ಇನ್ನೆಷ್ಟು ನಿಮಿಷ ಉಳಿದಿದೆ?" ಎಂದು ಕೇಳಿದರು. ಮಾಸ್ತರರು ಹೇಳಿದ್ದನ್ನೇ ಅವರಿಗೆ ಹೇಳಿದೆ. ಪಂದ್ಯ 7-6, 7-5ರಿಂದ ಮುಗಿಯುವವರೆಗೂ ಅವರು ಕೂರಲಿಲ್ಲ.

ಈಗಲೂ ನಮ್ಮ ಶಾಲೆಯಲ್ಲಿ ಟೆನಿಸ್ ಅಂಕಣವಿಲ್ಲ. ಹಾಸ್ಟೆಲಿನ ಹಿಂದೆ ಸಮತಟ್ಟಾದ ಜಾಗವಿದೆ. ನೀರು ಹರಿದುಹೋಗಲು ಚರಂಡಿ ತೋಡಿ, ಸಿಮೆಂಟ್ ಹಾಸಿದರೆ ಸಾಕು. ಹಳೆಯ ವಿದ್ಯಾರ್ಥಿಗಳ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ. ನನ್ನ ಪಾಲಿನ ಹಣ ತೆಗೆದಿಟ್ಟಿದ್ದೇನೆ, ಕೈಜೋಡಿಸುವವರು ದಯವಿಟ್ಟು ತಿಳಿಸಿ.