ಮಾದಲದ ಹಣ್ಣು, ಬೇಲದ ಹಣ್ಣು ಮತ್ತು ಆದೇಶ ವಿಧಾನ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹದಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಒಂಬತ್ತು ಮಾದಲದ ಹಣ್ಣು, ಏಳು ಬೇಲದ ಹಣ್ಣುಗಳ ಒಟ್ಟು ಬೆಲೆ 107. ಏಳು ಮಾದಲ, ಒಂಬತ್ತು ಬೇಲಗಳ ಬೆಲೆ 101. ಹಾಗಾದರೆ ಒಂದೊಂದು ಹಣ್ಣಿನ ಬೆಲೆ ಎಷ್ಟು? ಹತ್ತನೆಯ ತರಗತಿಯವರಿಗೆ ಆದೇಶ ವಿಧಾನವನ್ನು, ಅಂದರೆ ಒಂದು ಅಕ್ಷರದ ಜಾಗದಲ್ಲಿ ಅದಕ್ಕೆ ಸಮನಾದುದನ್ನು ಇಟ್ಟು ಸಮೀಕರಣ ಬಿಡಿಸುವುದನ್ನು, ಹೇಳಿಕೊಡುವಾಗ ನಾನು ಎತ್ತಿಕೊಳ್ಳುವುದು ಇದನ್ನೇ.

ಮಾದಲದ ಬೆಲೆ ಮ, ಬೇಲದ ಬೆಲೆ ಬ ಎಂದಿಟ್ಟುಕೊಂಡರೆ 9ಮ + 7ಬ = 107 ಮತ್ತು 7ಮ + 9ಬ = 101 ಎಂಬ ಜೋಡಿ ದೊರೆಯುತ್ತದೆ. ಮೊದಲನೆಯದರಿಂದ ಮ = (107 − 7ಬ)/9 ಎಂದು ಪಡೆದು, ಎರಡನೆಯದರಲ್ಲಿ ಮ ಇರುವ ಜಾಗದಲ್ಲಿ ಅದನ್ನು ಆದೇಶಿಸಿ, ಎಲ್ಲ ಪದಗಳನ್ನೂ 9ರಿಂದ ಗುಣಿಸಿದರೆ 749 − 49ಬ + 81ಬ = 909 ಆಗುತ್ತದೆ; ಅಂದರೆ 32ಬ = 160, ಬ = 5, ಮ = 8. ಮ = (107 − 7ಬ)/9 ಎಂಬುದನ್ನು ಅದು ಹುಟ್ಟಿದ ಮೊದಲನೆಯ ಸಮೀಕರಣದಲ್ಲೇ ಆದೇಶಿಸುವವರೂ ಇದ್ದಾರೆ; ಅವರಿಗೆ 107 = 107 ಎಂಬ, ಸತ್ಯವಾದರೂ ಕೆಲಸಕ್ಕೆ ಬಾರದ ಸಾಲು ಮಾತ್ರ ಸಿಗುತ್ತದೆ.

ಉತ್ತರವೇನೋ ಬಂತು, ಆದರೆ ಭಿನ್ನರಾಶಿಯನ್ನು ಹೊತ್ತು ನಡೆಯಬೇಕಾಯಿತು. ಸಹಗುಣಕ (ಅಕ್ಷರವನ್ನು ಗುಣಿಸುವ ಸಂಖ್ಯೆ) 1 ಆಗಿರುವ ಚರಾಕ್ಷರವಿದ್ದರೆ ಮಾತ್ರ ಈ ವಿಧಾನ ಹಗುರ. ಇಲ್ಲವಾದರೆ ಅಂಥದ್ದೊಂದನ್ನು ಮೊದಲು ಸೃಷ್ಟಿಸಿಕೊಳ್ಳುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಎರಡು ಸಮೀಕರಣಗಳನ್ನೂ ಕೂಡಿಸಿದರೆ 16ಮ + 16ಬ = 208, ಅಂದರೆ ಮ + ಬ = 13. ಈಗ ಮ = 13 − ಬ ಎಂಬುದನ್ನು ಮೊದಲನೆಯದರಲ್ಲಿ ಆದೇಶಿಸಿದರೆ 9(13 − ಬ) + 7ಬ = 107, ಅಂದರೆ 117 − 2ಬ = 107. ಇಲ್ಲಿ ಆವರಣವನ್ನು ಮರೆತು 117 − ಬ + 7ಬ ಎಂದು ಬರೆದವರಿಗೆ 6ಬ = −10 ಎಂದು ಬರುತ್ತದೆ; ಬೇಲದ ಹಣ್ಣು ಕೊಂಡವನಿಗೆ ಅಂಗಡಿಯವನೇ ದುಡ್ಡು ಕೊಟ್ಟ ಹಾಗೆ!

ಮಹಾವೀರಾಚಾರ್ಯರದು ಬೇರೆಯೇ ದಾರಿ. ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದಲೂ ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದಲೂ ಗುಣಿಸಿ ಕಳೆದರೆ 963 − 707 = 256; ಅದನ್ನು ವರ್ಗಗಳ ವ್ಯತ್ಯಾಸವಾದ 81 − 49 = 32ರಿಂದ ಭಾಗಿಸಿದರೆ ಮಾದಲದ ಬೆಲೆ 8. ಸೂತ್ರ ಚುರುಕಾದದ್ದೇ, ಆದರೆ ಹಣ್ಣುಗಳ ಸಂಖ್ಯೆ ಹೀಗೆ ಅದಲುಬದಲಾಗಿರುವಲ್ಲಿ ಮಾತ್ರ ನಡೆಯುತ್ತದೆ. ಎರಡನೆಯ ಸಲ ನಾಲ್ಕು ಮಾದಲ, ಐದು ಬೇಲ ಕೊಂಡಿದ್ದರೆ ಭಿನ್ನರಾಶಿಯ ಭಾರದೊಂದಿಗೇ ಆದೇಶ ವಿಧಾನ ಉತ್ತರವನ್ನು ಮುಟ್ಟಿಸುತ್ತದೆ, ಈ ಸೂತ್ರ ಮುಟ್ಟಿಸುವುದಿಲ್ಲ.