ಬಾಯಿಮಾತಿನ ಪ್ರಚಾರ ಇದ್ದರೆ ಜಾಹೀರಾತು ಬೇಡವೇ?

"ಗಿರಾಕಿಗಳೇ ಗಿರಾಕಿಗಳನ್ನು ಕರೆತರುವುದಾದರೆ ಜಾಹೀರಾತಿಗೆ ಯಾಕೆ ದುಡ್ಡು ಸುರಿಯಬೇಕು? ಅದನ್ನೇ ಕಮಿಷನ್ ಆಗಿ ಗಿರಾಕಿಗೆ ಕೊಟ್ಟರಾಯಿತಲ್ಲ?" ವ್ಯಾಪಾರದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಂದು ಸಣ್ಣ ಲೆಕ್ಕ ಹಾಕಿದರೆ ಉತ್ತರ ಅಲ್ಲೇ ಸಿಗುತ್ತದೆ.

ನಿಮಗೆ 100 ಗಿರಾಕಿಗಳಿದ್ದಾರೆ ಎನ್ನಿ. ಒಬ್ಬೊಬ್ಬರು ನಾಲ್ಕು ಜನಕ್ಕೆ ಹೇಳುತ್ತಾರೆ, ಕೇಳಿದವರಲ್ಲಿ ಹತ್ತಕ್ಕೊಬ್ಬರು ಬರುತ್ತಾರೆ. ಅಂದರೆ 40 ಹೊಸಬರು. ಅವರಿಂದ 16, ಆ ಹದಿನಾರರಿಂದ ಆರು, ಆಮೇಲೆ ಇಬ್ಬರೋ ಮೂವರೋ. ಒಟ್ಟು ಸುಮಾರು 67 ಜನ ಸೇರಿ ಸರಪಳಿ ಅಲ್ಲಿಗೆ ನಿಂತುಹೋಗುತ್ತದೆ. ಒಬ್ಬ ಗಿರಾಕಿಯಿಂದ ಬರುವವರು ಸರಾಸರಿ ಒಬ್ಬರಿಗಿಂತ ಕಡಿಮೆ ಇದ್ದಷ್ಟು ಕಾಲವೂ ಹೀಗೇ. ಬಹುತೇಕ ವ್ಯಾಪಾರಗಳು ಇರುವುದು ಅಲ್ಲೇ. ಹಾಗಾಗಿ ಜಾಹೀರಾತು ಬೇಕು. ಆದರೆ ಅದು ತಂದ ನೂರರ ಬೆಲೆಗೆ 167 ಜನ ಸಿಗುತ್ತಾರೆ, ತಲಾ ಖರ್ಚು ನೂರು ರೂಪಾಯಿ ಇದ್ದದ್ದು 60ಕ್ಕೆ ಇಳಿಯುತ್ತದೆ.

ಈಗ ಹತ್ತು ಶೇಕಡಾವನ್ನು ಹದಿನೈದು ಮಾಡಿ ನೋಡಿ: ಅದೇ ನೂರು 250 ಆಗುತ್ತದೆ. ಆದ್ದರಿಂದ ಹೇಳುವವರ ಸಂಖ್ಯೆ ಹೆಚ್ಚಿಸಲು ಮಾತ್ರ ಒದ್ದಾಡದೆ, ಹೇಳಿದ ಮಾತು ನಾಟುವಂತೆಯೂ ಮಾಡಬೇಕು.

ಅದಕ್ಕೆ ಮೊದಲು ಬೇಕಾದ್ದು ಸಮಯಜ್ಞಾನ. ಬಿಲ್ ಕಟ್ಟುವಾಗಲೇ "ನಾಲ್ಕು ಜನಕ್ಕೆ ಹೇಳಿ" ಎಂದರೆ ಅವರ ಹತ್ತಿರ ಹೇಳಲು ಇನ್ನೂ ಏನೂ ಇರುವುದಿಲ್ಲ. ಸರಕು ಕೆಲಸಕ್ಕೆ ಬಂದ ಮೇಲೆ, ಇಲ್ಲವೇ ದೂರು ಸರಿಹೋದ ಮರುದಿನ ಕೇಳಿ. ಕೇಳುವಾಗ "ನಿಮ್ಮ ಹಾಗೆ ಹೊಸದಾಗಿ ಮನೆ ಬದಲಿಸಿದವರು ಯಾರಾದರೂ ಇದ್ದಾರಾ?" ಎಂದರೆ ಒಂದು ಮುಖ ನೆನಪಾಗುತ್ತದೆ, "ಎಲ್ಲರಿಗೂ ತಿಳಿಸಿ" ಎಂದರೆ ಯಾರೂ ನೆನಪಾಗುವುದಿಲ್ಲ.

ಇನ್ನು ಕಮಿಷನ್. ಇಂಟರ್ನೆಟ್‌ನಲ್ಲಿ ಫೈಲ್ ಇಡಲು ಜಾಗ (ಸ್ಟೋರೇಜ್) ಕೊಡುವ ಡ್ರಾಪ್‌ಬಾಕ್ಸ್ ಕಂಪನಿ ಶುರುವಿನಲ್ಲಿ 99 ಡಾಲರ್‌ನ ಸೇವೆ ಮಾರಲು ಸರ್ಚ್ ಜಾಹೀರಾತಿಗೆ ಗಿರಾಕಿಗೆ ತಲಾ 233ರಿಂದ 388 ಡಾಲರ್ ಖರ್ಚು ಮಾಡುತ್ತಿತ್ತು. ಆಮೇಲೆ ಹೇಳಿದವರಿಗೂ ಕೇಳಿ ಬಂದವರಿಗೂ ಹೆಚ್ಚುವರಿ ಸ್ಟೋರೇಜ್ ಕೊಡತೊಡಗಿತು. 2008ರ ಸೆಪ್ಟೆಂಬರ್‌ನಲ್ಲಿ 1 ಲಕ್ಷವಿದ್ದ ಬಳಕೆದಾರರು 2010ರ ಜನವರಿಗೆ 40 ಲಕ್ಷವಾದರು. ಅದರ ಜಾಣತನ ಇರುವುದು ಎರಡು ಕಡೆ. ಇಬ್ಬರಿಗೂ ಸಿಗುವುದರಿಂದ ಸ್ನೇಹಿತನನ್ನು ಮಾರಿಕೊಂಡಂತೆ ಅನ್ನಿಸುವುದಿಲ್ಲ. ಸ್ಟೋರೇಜ್ ಬಳಸದವನಿಗೆ ಆ ಬಹುಮಾನದಿಂದ ಏನೂ ಉಪಯೋಗವಿಲ್ಲ, ಹಾಗಾಗಿ ಬರೀ ಆಸೆಗೆ ಬರುವವರು ಕಡಿಮೆ. ನಗದು ಇಟ್ಟರೆ ಮೊದಲು ಬರುವುದು ಎರಡನೇ ಫೋನ್ ನಂಬರ್‌ನಿಂದ ತನ್ನನ್ನೇ ತಾನು ರೆಫರ್ ಮಾಡಿಕೊಳ್ಳುವ ಆಸಾಮಿ! ಕೊಡಲೇಬೇಕೆಂದರೆ ಹೊಸಬರು ಸರಕು ವಾಪಸ್ ಮಾಡಬಹುದಾದ ಅವಧಿ ಮುಗಿದ ಮೇಲೆ ಕೊಡಿ.

ಅಳೆಯುವುದರಲ್ಲೂ ಎಡವುತ್ತಾರೆ. "0ರಿಂದ 10ರಲ್ಲಿ ನಮ್ಮನ್ನು ಎಷ್ಟು ಶಿಫಾರಸು ಮಾಡುತ್ತೀರಿ?" ಎಂದು ಕೇಳುವ ಎನ್‌ಪಿಎಸ್ (ನೆಟ್ ಪ್ರಮೋಟರ್ ಸ್ಕೋರ್) ಎಂಬ ಅಳತೆ ಜನಪ್ರಿಯ. ಆದರೆ 9 ಕೊಟ್ಟವರೆಲ್ಲ ಹೋಗಿ ಹೇಳುತ್ತಾರೆಂದೇನಿಲ್ಲ, ಅದು ಬರೀ ಇರಾದೆ. ಹೊಸ ಗಿರಾಕಿಯನ್ನು ಮೊದಲ ಆರ್ಡರ್‌ನಲ್ಲೇ ಕೇಳಿ: ನಮ್ಮ ಬಗ್ಗೆ ಯಾರು ಹೇಳಿದರು, ಏನೆಂದು ಹೇಳಿದರು? ಆಯ್ಕೆಗಳ ಪಟ್ಟಿ ಕೊಡಬೇಡಿ, ಅವಸರದಲ್ಲಿ ಜನ ಮೊದಲನೆಯದನ್ನೇ ಒತ್ತುತ್ತಾರೆ. ಖಾಲಿ ಜಾಗ ಬಿಡಿ. ಐವತ್ತು ಉತ್ತರ ಓದಿದರೆ ಒಂದೇ ಮಾತು ಮರುಕಳಿಸುವುದು ಕಾಣುತ್ತದೆ. ಎಷ್ಟೋ ಸಲ ಅದು ನೀವು ಹೆಮ್ಮೆಪಡುವ ಗುಣವೇ ಆಗಿರುವುದಿಲ್ಲ. "ಫೋನ್ ಮಾಡಿದರೆ ಎತ್ತುತ್ತಾರೆ" ಅಂತಿರುತ್ತದೆ. ಜಾಹೀರಾತಿನಲ್ಲಿ ಹಾಕಬೇಕಾದ್ದು ಅದನ್ನೇ.

ದುಡ್ಡು ಕೊಟ್ಟು ಒಳ್ಳೆಯ ರಿವ್ಯೂ ಬರೆಸುವುದು ಬೇರೆಯೇ ದಾರಿ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ 2024ರ ಅಕ್ಟೋಬರ್‌ನಿಂದ ನಕಲಿ ರಿವ್ಯೂ ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸಿದೆ. "ಒಳ್ಳೆಯದು ಬರೆದರೆ ಮಾತ್ರ ರಿಯಾಯಿತಿ" ಎಂಬ ಷರತ್ತೂ ಆ ನಿಷೇಧದಲ್ಲಿ ಸೇರುತ್ತದೆ.