ಪ್ರಾಪರ್ಟಿ ಮ್ಯಾನೇಜರ್ ಮನೆಯಲ್ಲಿ ಕೂರಬೇಕೋ, ಕಚೇರಿಯಲ್ಲೋ?

ಬಾಡಿಗೆ ಕಟ್ಟಡಗಳನ್ನು ನೋಡಿಕೊಳ್ಳುವುದು ನನ್ನ ಕಸುಬು ಎಂದು ತಿಳಿದವರು ತಪ್ಪದೇ ಕೇಳುವ ಪ್ರಶ್ನೆ ಇದು: "ನಿಮ್ಮ ಕೆಲಸ ಮನೆಯಿಂದ ಮಾಡಿದರೆ ಚೆನ್ನಾಗಿ ಆಗುತ್ತದೆಯೋ, ಕಚೇರಿಯಿಂದಲೋ?" ಮಾಲೀಕರು ಕೇಳಿದರೆ ಅದರಲ್ಲಿ ಒಂದಿಷ್ಟು ಅನುಮಾನ ಬೆರೆತಿರುತ್ತದೆ. ತಾವು ಸಂಬಳ ಕೊಡುವ ಮನುಷ್ಯ ಹಗಲು ಹೊತ್ತಿನಲ್ಲಿ ನಿದ್ದೆ ಹೊಡೆಯುತ್ತಿಲ್ಲ ತಾನೇ ಎಂಬುದು ಅವರ ನಿಜವಾದ ಪ್ರಶ್ನೆ. ಹೊಸದಾಗಿ ಈ ಕೆಲಸಕ್ಕೆ ಬಂದವರು ಕೇಳಿದರೆ ಅದರಲ್ಲಿ ಆಸೆ ಇರುತ್ತದೆ. ಬಾಡಿಗೆದಾರರು ಮಾತ್ರ ಇದನ್ನು ಕೇಳುವುದಿಲ್ಲ. ನಲ್ಲಿ ರಿಪೇರಿಯಾದರೆ ಸಾಕು, ಅದನ್ನು ಮಾಡಿಸಿದವರು ಎಲ್ಲಿ ಕುಳಿತಿದ್ದರೆ ಅವರಿಗೇನು?

ಲೆಕ್ಕ, ಕಾಗದಪತ್ರ, ಫೋನು ಈ ಮೂರೂ ಮನೆಯಿಂದಲೇ ಚೆನ್ನಾಗಿ ನಡೆಯುತ್ತವೆ. ಕಚೇರಿಯ ಅಗತ್ಯ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. ಆದರೆ ಮನೆ, ಕಚೇರಿ ಎರಡನ್ನೂ ಬಿಟ್ಟು ಕಟ್ಟಡಕ್ಕೆ ಹೋಗುವ ಕೆಲಸವೊಂದಿದೆ. ಅದು ತಪ್ಪಿದರೆ ಉಳಿದದ್ದೆಲ್ಲ ಎಷ್ಟು ಅಚ್ಚುಕಟ್ಟಾಗಿದ್ದರೂ ಪ್ರಯೋಜನವಿಲ್ಲ. ಇದು ನನ್ನ ಉತ್ತರ. ಒಂದು ವಾಕ್ಯದ ಉತ್ತರ ಬೇಕಿದ್ದವರಿಗೆ ಇದು ಸಮಾಧಾನ ಕೊಡುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಮನೆಯ ಪರವಾಗಿ. ತಿಂಗಳ ಮೊದಲ ವಾರದ ಕೆಲಸವನ್ನು ನೋಡಿ. ಬ್ಯಾಂಕಿನ ವಿವರಪಟ್ಟಿಯಲ್ಲಿ ಜಮೆಗಳ ಸಾಲು ಬಂದಿರುತ್ತದೆ. ಕೆಲವದರಲ್ಲಿ ಹೆಸರಿದೆ, ಮನೆಯ ಸಂಖ್ಯೆ ಇಲ್ಲ. ಕೆಲವದರಲ್ಲಿ ಕರಾರಿನಲ್ಲಿರುವವರ ಬದಲು ಅವರ ತಮ್ಮನದೋ ಮಾವನದೋ ಹೆಸರಿದೆ. ಒಬ್ಬರು ಎರಡು ಕಂತಿನಲ್ಲಿ ಕಟ್ಟಿದ್ದಾರೆ, ಇನ್ನೊಬ್ಬರು ರಿಪೇರಿಗೆ ತಾವೇ ಕೊಟ್ಟ ಹಣವನ್ನು ಹೇಳದೆ ಕೇಳದೆ ಮುರಿದುಕೊಂಡಿದ್ದಾರೆ. ಇದನ್ನೆಲ್ಲ ಬಾಡಿಗೆ ಪುಸ್ತಕಕ್ಕೆ ತಾಳೆ ಹಾಕುವಾಗ ಯಾರಾದರೂ ಬಂದು "ಒಂದೇ ನಿಮಿಷ" ಎಂದರೆ ಲೆಕ್ಕದ ಎಳೆ ತಪ್ಪುತ್ತದೆ, ಮತ್ತೆ ಮೇಲಿನಿಂದ ಶುರು. ಕಚೇರಿಯಲ್ಲಿ ಆ ಒಂದು ನಿಮಿಷದವರು ಇಡೀ ದಿನ ಬರುತ್ತಲೇ ಇರುತ್ತಾರೆ.

ಬಾಕಿ ವಸೂಲಿಯ ಫೋನು ಮಾಡುವುದೂ ಹೀಗೆಯೇ. ಕೆಲಸ ಕಳೆದುಕೊಂಡವರ ಹತ್ತಿರ ಬಾಡಿಗೆಯ ಮಾತೆತ್ತುವಾಗ ಹಿಂದಿನಿಂದ ನಾಲ್ಕು ಜನರ ನಗು ಕೇಳಿಸಿದರೆ ಅವರು ಬಾಯಿ ಬಿಡುವುದಿಲ್ಲ. ಬಾಗಿಲು ಮುಚ್ಚಿದ ಕೋಣೆಯಿಂದ ಮಾತನಾಡಿದರೆ ಯಾವ ದಿನ ಎಷ್ಟು ಕಟ್ಟಬಲ್ಲೆ ಎಂಬುದನ್ನು ಅವರೇ ಹೇಳುತ್ತಾರೆ. ಕರಾರು ನವೀಕರಣ, ನೋಟಿಸ್, ಗುತ್ತಿಗೆದಾರರ ದರಪಟ್ಟಿಗಳನ್ನು ಹೋಲಿಸುವುದು, ಮಾಲೀಕರಿಗೆ ತಿಂಗಳ ವರದಿ ಬರೆಯುವುದು, ಇವೆಲ್ಲಕ್ಕೂ ಮೌನವೇ ಮುಖ್ಯ ಬಂಡವಾಳ.

ಇದಕ್ಕೆ ಅಂಕಿಅಂಶದ ಆಧಾರವೂ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಸಂಸ್ಥೆಯ ಕಾಲ್ ಸೆಂಟರ್ ನೌಕರರ ಮೇಲೆ ಒಂಬತ್ತು ತಿಂಗಳ ಪ್ರಯೋಗ ನಡೆಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಹೆಚ್ಚಿತ್ತು. ಅದರಲ್ಲಿ ಶೇ 9ರಷ್ಟು ಬಂದದ್ದು ವಿರಾಮ ಮತ್ತು ರಜೆ ಕಡಿಮೆಯಾಗಿ ದುಡಿದ ನಿಮಿಷಗಳು ಹೆಚ್ಚಿದ್ದರಿಂದ. ಉಳಿದ ಶೇ 4 ಬಂದದ್ದು ಅದೇ ನಿಮಿಷದಲ್ಲಿ ಹೆಚ್ಚು ಕರೆಗಳನ್ನು ಮುಗಿಸಿದ್ದರಿಂದ, ಅಂದರೆ ಸುತ್ತ ಗಲಾಟೆ ಇಲ್ಲದ್ದರಿಂದ. ಪ್ರಯೋಗ ಮುಗಿದ ಮೇಲೆ ಮನೆಯೋ ಕಚೇರಿಯೋ ನೀವೇ ಆರಿಸಿಕೊಳ್ಳಿ ಎಂದಾಗ ಭಾಗವಹಿಸಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜಾಗ ಬದಲಿಸಿದರು, ಆಮೇಲೆ ಲಾಭ ಶೇ 22ಕ್ಕೆ ಏರಿತು. ನನಗೆ 13ಕ್ಕಿಂತ ಈ 22 ಮುಖ್ಯ. ಎಲ್ಲರನ್ನೂ ಮನೆಗೆ ಕಳಿಸಿದ್ದಕ್ಕಿಂತ, ಯಾರಿಗೆ ಯಾವುದು ಒಗ್ಗುತ್ತದೋ ಅಲ್ಲಿಗೆ ಬಿಟ್ಟದ್ದರಿಂದ ಹೆಚ್ಚು ಲಾಭವಾಯಿತು. ಬ್ಲೂಮ್ ಅವರೇ ಸಹೋದ್ಯೋಗಿಗಳ ಜೊತೆ 2024ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಅದೇ ಕಂಪನಿಯ 1612 ನೌಕರರದ್ದು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟಾಗ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮೂರನೇ ಒಂದು ಭಾಗದಷ್ಟು ಇಳಿಯಿತು, ಕೆಲಸದ ಗುಣಮಟ್ಟಕ್ಕಾಗಲಿ ಬಡ್ತಿಗಾಗಲಿ ಧಕ್ಕೆ ಬರಲಿಲ್ಲ. ಮ್ಯಾನೇಜರ್ ಬದಲಾದಾಗಲೆಲ್ಲ ಕಟ್ಟಡದ ನೆನಪು ಅರ್ಧಕ್ಕರ್ಧ ಅಳಿಸಿಹೋಗುವ ನಮ್ಮ ಕಸುಬಿನಲ್ಲಿ ಇದೇನೂ ಸಣ್ಣ ಲಾಭವಲ್ಲ. ಯಾವ ವಾಲ್ವ್ ತಿರುಗಿಸಿದರೆ ಯಾವ ಮಹಡಿಗೆ ನೀರು ನಿಲ್ಲುತ್ತದೆ ಎಂಬುದು ಎಷ್ಟೋ ಕಟ್ಟಡಗಳಲ್ಲಿ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ.

ಆದರೆ ಕಾಲ್ ಸೆಂಟರ್ ನೌಕರರ ಕೆಲಸ ಫೋನಿನೊಳಗೇ ಶುರುವಾಗಿ ಫೋನಿನೊಳಗೇ ಮುಗಿಯುತ್ತದೆ. ನಮ್ಮದು ಹಾಗಲ್ಲ. ಫೋನು ನಮಗೆ ತಂದುಕೊಡುವುದು ಯಾರಾದರೂ ದೂರಿದ ವಿಷಯವನ್ನು ಮಾತ್ರ. ಕಟ್ಟಡ ಕೆಡುವುದೋ, ಹೆಚ್ಚಾಗಿ ಯಾರೂ ದೂರು ಕೊಡದ ಜಾಗದಲ್ಲಿ.

ಖಾಲಿ ಮನೆಯನ್ನೇ ತೆಗೆದುಕೊಳ್ಳಿ. ಬಾಡಿಗೆದಾರರು ಹೋಗಿ ಕೆಲವು ವಾರಗಳಾಗಿವೆ. ಬಚ್ಚಲಿನ ಜಾಲರಿಯ ಕೆಳಗೆ ಬಾಗಿದ ಕೊಳವೆಯಲ್ಲಿ ಒಂದಿಷ್ಟು ನೀರು ಸದಾ ನಿಂತಿರಬೇಕು. ಚರಂಡಿಯ ಗಾಳಿಯನ್ನೂ ಹುಳುಹುಪ್ಪಟೆಯನ್ನೂ ಒಳಗೆ ಬಿಡದೆ ತಡೆಯುವುದು ಆ ನೀರೇ. ಯಾರೂ ಬಳಸದಿದ್ದರೆ ಅದು ಆವಿಯಾಗಿ ಹೋಗುತ್ತದೆ, ಮನೆಯೆಲ್ಲ ಗಬ್ಬು ನಾತ ತುಂಬುತ್ತದೆ. ಮನೆ ನೋಡಲು ಬಂದ ಕುಟುಂಬ ಬಾಗಿಲಿನಿಂದಲೇ ಹಿಂದಿರುಗುತ್ತದೆ, ಕಾರಣವನ್ನೂ ಹೇಳುವುದಿಲ್ಲ. ಒಂದು ಚೊಂಬು ನೀರು ಸುರಿದಿದ್ದರೆ ಮುಗಿಯುತ್ತಿತ್ತು. ಪೈಪಿನಲ್ಲಿ ನಿಂತ ನೀರಿನ ಕತೆ ಇನ್ನೂ ಗಂಭೀರ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಅಂಥ ನೀರಿನ ಹನಿಗಳು ಷವರಿನಿಂದ ಗಾಳಿಗೆ ಸೇರಿ ಶ್ವಾಸಕೋಶ ತಲುಪಿದರೆ ನ್ಯುಮೋನಿಯಾ ಬರಬಹುದು. ಖಾಲಿ ಮನೆಯ ನಲ್ಲಿಗಳನ್ನು ವಾರಕ್ಕೊಮ್ಮೆಯಾದರೂ ತೆರೆದು ನೀರು ಹರಿಸಿ ಎನ್ನುವುದು ಅದಕ್ಕೇ. ಖಾಲಿ ಮನೆ ಫೋನು ಮಾಡಿ ಇದನ್ನೆಲ್ಲ ನೆನಪಿಸುವುದಿಲ್ಲ.

ದೂರು ಬಂದಾಗಲೂ ಪೂರ್ತಿ ವಿಷಯ ಬರುವುದಿಲ್ಲ. ಚಾವಣಿಯ ಮೇಲೆ ಒದ್ದೆ ಕಲೆ ಎಂದು ಬಾಡಿಗೆದಾರರು ಚಿತ್ರ ಕಳಿಸುತ್ತಾರೆ. ಹಳದಿ ಅಂಚಿನ, ತಟ್ಟೆಯಗಲದ ಕಲೆ. ಚಿತ್ರದಲ್ಲಿ ಕಾಣುವುದು ಅಷ್ಟೇ. ಅದು ಒಣಗಿದ ಹಳೆಯ ಕಲೆಯೋ, ಈಗ ಹಸಿ ಇದೆಯೋ ಎಂಬುದು ಕೈಯಿಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮಳೆ ಬಂದಾಗ ಮಾತ್ರ ಹಿಗ್ಗುತ್ತದೆಯೇ? ಹಾಗಾದರೆ ತಾರಸಿ ಅಥವಾ ಹೊರಗೋಡೆಯನ್ನು ನೋಡಬೇಕು. ಮೇಲಿನವರು ಸ್ನಾನ ಮಾಡಿದ ಮೇಲೆ ಹಿಗ್ಗುತ್ತದೆಯೇ? ಬಚ್ಚಲ ನೆಲದ ಸಂದುಗಳನ್ನೋ ಕೊಳಚೆ ಪೈಪನ್ನೋ ಶಂಕಿಸಬೇಕು. ಮಳೆ, ಸ್ನಾನ ಯಾವುದರ ಹಂಗೂ ಇಲ್ಲದೆ ಹಗಲೂ ರಾತ್ರಿ ಒಂದೇ ಸಮ ತೊಟ್ಟಿಕ್ಕಿದರೆ ಸದಾ ಒತ್ತಡದಲ್ಲಿರುವ ನೀರು ಪೂರೈಕೆಯ ಪೈಪಿನ ಮೇಲೆ ಅನುಮಾನ. ಮೇಲಿನ ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿಸಿ ಮೀಟರಿನ ಮುಂದೆ ನಿಲ್ಲಬೇಕು. ಮುಳ್ಳು ಅಲುಗಿದರೆ ಎಲ್ಲೋ ನೀರು ಹೋಗುತ್ತಿದೆ ಎಂದೇ ಅರ್ಥ. ಫ್ಲಷ್ ತೊಟ್ಟಿಗೆ ಒಂದೆರಡು ಹನಿ ಬಣ್ಣ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿದಾಗ, ಫ್ಲಷ್ ಮಾಡದೆಯೇ ಕಮೋಡಿನಲ್ಲಿ ಬಣ್ಣ ಕಂಡರೆ ಅಲ್ಲೂ ಸೋರಿಕೆ ಇದೆ.

ಇದನ್ನು ಮನೆಯಲ್ಲಿ ಕುಳಿತು ಪ್ಲಂಬರನಿಗೆ ಒಪ್ಪಿಸಬಹುದಲ್ಲ ಎಂದು ಕೇಳುತ್ತಾರೆ. ಒಪ್ಪಿಸಬಹುದು. ಆದರೆ ಕಾರಣ ಗೊತ್ತಿಲ್ಲದೆ ಕರೆಸಿದ ಪ್ಲಂಬರ್ ತನಗೆ ಗೊತ್ತಿರುವುದನ್ನು ರಿಪೇರಿ ಮಾಡಿ ಹೋಗುತ್ತಾನೆ, ಪೇಂಟರನ್ನು ಕರೆಸಿದರೆ ಕಲೆಗೆ ಬಣ್ಣ ಬಳಿದು ಹೋಗುತ್ತಾನೆ. ಅಷ್ಟರಲ್ಲಿ ಗಡಿಯಾರ ಓಡುತ್ತಿರುತ್ತದೆ. ನೆಂದ ಜಾಗವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬೂಷ್ಟು ಹಿಡಿಯುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು, ತಡವಾದರೆ ಗೋಡೆಯ ಜೊತೆ ಮಾಲೀಕ–ಬಾಡಿಗೆದಾರರ ಸಂಬಂಧವೂ ಹಳಸುತ್ತದೆ. ವಿಡಿಯೊ ಕರೆಯಿಂದ ಸಹಾಯವಾಗುತ್ತದೆ, ನೀರು ತಾಗಿದರೆ ಕೂಗುವ ಸಂವೇದಕಗಳಿಂದಲೂ ಆಗುತ್ತದೆ. ಆದರೆ ವಿಡಿಯೊದಲ್ಲಿ ವಾಸನೆ ಬರುವುದಿಲ್ಲ, ಲಿಫ್ಟಿನ ಹೊಸ ಕಿರುಗುಟ್ಟುವಿಕೆ ಹಳೆಯದರಿಂದ ಬೇರೆಯಾಗಿ ಕೇಳುವುದಿಲ್ಲ. ಬಾಡಿಗೆದಾರರೂ ಕ್ಯಾಮೆರಾವನ್ನು ಕಲೆಯ ಕಡೆಗೆ ಹಿಡಿಯುತ್ತಾರೆಯೇ ಹೊರತು, ಮೂಲೆಯಲ್ಲಿ ತಾವೇ ಎಳೆದ ತಂತಿಯ ಕಡೆಗಲ್ಲ.

ಹಾಗೆಂದು ಕಚೇರಿಯಲ್ಲಿ ಕುಳಿತವರಿಗೆ ಇವೆಲ್ಲ ಕಾಣುತ್ತವೆಯೇ? ಇಲ್ಲ. ಕಟ್ಟಡದಿಂದ ದೂರದ ಕಚೇರಿಯಲ್ಲಿ ಕುಳಿತವರಿಗೂ ಮನೆಯಲ್ಲಿ ಕುಳಿತವರಿಗೂ ಚಾವಣಿಯ ಕಲೆ ಕಾಣುವುದು ಅದೇ ಮೊಬೈಲ್ ಪರದೆಯಲ್ಲಿ. ಕಚೇರಿಯವರಿಗೆ ತಾವು ಕೆಲಸದಲ್ಲಿದ್ದೇವೆ ಎಂಬ ಭ್ರಮೆ ಜಾಸ್ತಿ, ಅಷ್ಟೇ ವ್ಯತ್ಯಾಸ. ಮಾಲೀಕರಿಗೆ ನಾನು ಇದನ್ನೇ ಒತ್ತಿ ಹೇಳುವುದು. ಕುರ್ಚಿಯಲ್ಲಿ ಮನುಷ್ಯ ಇದ್ದಾನೆಯೇ ಎಂದು ನೋಡಬೇಡಿ. ದೂರು ಬಂದ ಮೇಲೆ ಮೊದಲ ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು, ರಿಪೇರಿಯಾದದ್ದು ಮತ್ತೆ ಕೆಟ್ಟಿತೇ, ಮನೆ ಖಾಲಿ ಬಿದ್ದ ದಿನಗಳೆಷ್ಟು, ಬಾಕಿ ಎಷ್ಟು ಉಳಿದಿದೆ, ಕಳೆದ ತಿಂಗಳು ತಾರಸಿಗೆ ಯಾರಾದರೂ ಹತ್ತಿದ್ದರೇ ಎಂದು ಕೇಳಿ. ಈ ಪೈಕಿ ಎರಡನೆಯದು ತುಂಬಾ ಹೇಳುತ್ತದೆ. ಒಂದೇ ಮನೆಯಿಂದ ಒಂದೇ ದೂರು ಮೂರನೆಯ ಸಲ ಬಂದರೆ, ಮೊದಲ ಸಲ ಯಾರೂ ಹೋಗಿ ನೋಡಿರಲಿಲ್ಲ ಎಂದು ಧಾರಾಳವಾಗಿ ಊಹಿಸಬಹುದು.

ಕಟ್ಟಡಕ್ಕೆ ಹೋಗುವ ದಿನವನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. "ಅಗತ್ಯ ಬಿದ್ದಾಗ ಹೋಗುತ್ತೇನೆ" ಎಂದರೆ ಹೋಗುವುದಿಲ್ಲ ಎಂದೇ ಲೆಕ್ಕ. ಅಗತ್ಯ ಬೀಳುವ ಮೊದಲೇ ಹೋಗಬೇಕಾದ ಕೆಲಸ ಇದು. ಹೋದಾಗ ತಾರಸಿಯಿಂದ ಶುರು ಮಾಡಿ ಕೆಳಗಿಳಿಯುವುದು ನನ್ನ ರೂಢಿ, ಏಕೆಂದರೆ ನೀರೂ ಹಾಗೆಯೇ ಇಳಿಯುತ್ತದೆ. ಮಳೆನೀರಿನ ಕಿಂಡಿಗಳು, ನೀರಿನ ತೊಟ್ಟಿಯ ಮುಚ್ಚಳ, ಮೆಟ್ಟಿಲ ದೀಪ, ತುರ್ತು ದಾರಿಯಲ್ಲಿ ಯಾರಾದರೂ ಇಟ್ಟ ಹಳೆಯ ಮಂಚ, ಅಗ್ನಿಶಾಮಕ ಸಿಲಿಂಡರಿನ ಮುಳ್ಳು ಹಸಿರು ಗುರುತಿನಲ್ಲಿದೆಯೇ, ಪಂಪಿನ ಕೋಣೆಯ ನೆಲ ಒಣಗಿದೆಯೇ, ಹೀಗೆ ನೋಡುತ್ತ ಬರಬೇಕು. ಮೆಟ್ಟಿಲಲ್ಲಿ ಎದುರಾದವರು ಫೋನಿನಲ್ಲಿ ಹೇಳದ ಮಾತು ಹೇಳುತ್ತಾರೆ. ಕರಾರು ಮುಗಿಯಲು ಎರಡು ತಿಂಗಳಿದೆ, ಬೇರೆ ಕಡೆ ಮನೆ ನೋಡುತ್ತಿದ್ದಾರೆ ಎಂಬ ಸುದ್ದಿ ನನಗೆ ಸಿಗುವುದು ಹೆಚ್ಚಾಗಿ ಅಲ್ಲಿಯೇ.

ಕಚೇರಿಯನ್ನು ಇಷ್ಟು ಹಗುರ ಮಾಡಿದ ಮೇಲೆ ಅದಕ್ಕೆ ಸಲ್ಲಬೇಕಾದದ್ದನ್ನೂ ಹೇಳಬೇಕು. ಹೊಸಬರನ್ನು ಮನೆಯಲ್ಲಿ ಕೂರಿಸಿ ಈ ಕೆಲಸ ಕಲಿಸಲಾಗುವುದಿಲ್ಲ. ಕೂಗಾಡುತ್ತಿರುವ ಬಾಡಿಗೆದಾರರಿಗೆ ಅನುಭವಿಯೊಬ್ಬರು ಹೇಗೆ ಉತ್ತರಿಸುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ, ಯಾವ ಮಾತನ್ನು ಬರಹದಲ್ಲಿ ಕೊಡಿ ಎನ್ನುತ್ತಾರೆ ಎಂಬುದನ್ನು ಪಕ್ಕದಲ್ಲಿ ಕುಳಿತೇ ಕೇಳಬೇಕು. ಠೇವಣಿ ಕಡಿತದ ಜಗಳವೂ ಮೇಜಿನ ಎರಡು ಬದಿಗೆ ಕುಳಿತು, ಮನೆ ಹಸ್ತಾಂತರದ ದಿನದ ಚಿತ್ರಗಳನ್ನು ನಡುವೆ ಇಟ್ಟುಕೊಂಡರೆ ಬೇಗ ಮುಗಿಯುತ್ತದೆ. ಇನ್ನು ಬೀಗದ ಕೈಗಳು. ಹತ್ತಾರು ಮನೆಗಳ ಕೀಲಿಯನ್ನು ಯಾರ ಮನೆಯ ಮೇಜಿನ ಖಾನೆಯಲ್ಲೂ ಇಡಬಾರದು. ಬಾಡಿಗೆದಾರರ ಗುರುತಿನ ಪತ್ರಗಳ ಪ್ರತಿಗಳೂ ಹಾಗೆಯೇ: ಮಕ್ಕಳು ಆಟವಾಡುವ ಕಂಪ್ಯೂಟರಿನಲ್ಲಿ ಅವು ಇರಕೂಡದು.

ಮನೆಯಿಂದ ದುಡಿಯುವವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಮನೆಯೇ ಕಚೇರಿಯಾದರೆ ಕಚೇರಿ ಮುಚ್ಚುವ ಹೊತ್ತೇ ಇರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಪಾರ್ಕಿಂಗ್ ಜಗಳ, ಭಾನುವಾರ ಬೆಳಿಗ್ಗೆ ರಸೀದಿಯ ಕೋರಿಕೆ. ಸ್ವಂತ ನಂಬರನ್ನು ಬಾಡಿಗೆದಾರರಿಗೆ ಕೊಡಬೇಡಿ, ಕೆಲಸಕ್ಕೆಂದೇ ಬೇರೆ ನಂಬರ್ ಇರಲಿ. ನೀರು ನುಗ್ಗುವುದು, ಬೆಂಕಿ, ಅನಿಲದ ವಾಸನೆ, ಲಿಫ್ಟಿನಲ್ಲಿ ಜನ ಸಿಕ್ಕಿಕೊಳ್ಳುವುದು, ಬಾಗಿಲ ಬೀಗ ಮುರಿದಿರುವುದು, ಇಷ್ಟನ್ನು ತುರ್ತು ಎಂದು ಕರಾರಿನ ಜೊತೆಗೇ ಬರೆದು ಕೊಡಿ. ಬೆಂಕಿ, ಅನಿಲ ಎರಡರಲ್ಲೂ ಮೊದಲು ಹೊರಗೆ ಬಂದು ತುರ್ತು ಸೇವೆಗೆ ಕರೆ ಮಾಡಬೇಕು, ನಮಗೆ ಆಮೇಲೆ ತಿಳಿಸಿದರೆ ಸಾಕು ಎಂದೂ ಅದರಲ್ಲಿರಲಿ. ಇಬ್ಬರು ಮೂವರು ಮ್ಯಾನೇಜರ್‌ಗಳಿದ್ದರೆ ರಾತ್ರಿಯ ಸರದಿ ಹಂಚಿಕೊಳ್ಳಿ. ಒಬ್ಬರೇ ಇದ್ದರೆ ರಾತ್ರಿಯ ಕರೆಯ ಕೂಲಿಯನ್ನು ಮಾಲೀಕರ ಹತ್ತಿರ ಮೊದಲೇ ಮಾತನಾಡಿಕೊಳ್ಳಿ. ಕೆಲಸಕ್ಕೆ ಸೇರಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

"ಹಾಗಾದರೆ ಕಚೇರಿಯನ್ನು ಬಿಟ್ಟುಬಿಡೋಣವೇ?" ಎಂದು ಮಾಲೀಕರು ಕಣ್ಣರಳಿಸಿ ಕೇಳುತ್ತಾರೆ, ಅಲ್ಲಿನ ಬಾಡಿಗೆ ಉಳಿಯುವ ಲೆಕ್ಕ ಆಗಲೇ ತಲೆಯಲ್ಲಿ ನಡೆದಿರುತ್ತದೆ. ದೊಡ್ಡ ಕಚೇರಿಯನ್ನು ಬಿಡಿ. ಆ ಹಣದಲ್ಲಿ ಸ್ವಲ್ಪವನ್ನು ಕಟ್ಟಡದ ನೆಲಮಹಡಿಯಲ್ಲೇ ಒಂದು ಸಣ್ಣ ಕೋಣೆಗೆ ಹಾಕಿ. ಗೋಡೆಗೆ ಬಿಗಿದ, ಬೀಗ ಹಾಕುವ ಕೀಲಿ ಪೆಟ್ಟಿಗೆ ಇರಲಿ. ಕೀಲಿಗಳ ಬಿಲ್ಲೆಯ ಮೇಲೆ ಮನೆಯ ಸಂಖ್ಯೆ ಬರೆಯದೆ ಬೇರೆ ಗುರುತು ಸಂಖ್ಯೆ ಹಾಕಿ, ಕಳೆದರೂ ಸಿಕ್ಕವರಿಗೆ ಯಾವ ಬಾಗಿಲಿನದೆಂದು ತಿಳಿಯಬಾರದು. ಯಾರು ಯಾವ ಕೀಲಿ ಯಾವಾಗ ಒಯ್ದರು, ಯಾವಾಗ ತಂದರು ಎಂದು ಬರೆಯಲು ಒಂದು ಪುಸ್ತಕ, ಮಾತನಾಡಲು ಒಂದು ಮೇಜು, ಎರಡು ಮೂರು ಕುರ್ಚಿ. ಮ್ಯಾನೇಜರ್ ಅಲ್ಲಿ ಸಿಗುವ ದಿನ ಮತ್ತು ಹೊತ್ತನ್ನು ಬಾಗಿಲ ಮೇಲೆ ಬರೆದು ಅಂಟಿಸಿ, ಆ ಹೊತ್ತಿಗೆ ಅವರು ಅಲ್ಲಿ ಇದ್ದೇ ಇರಬೇಕು.